ಹನ್ನೊಂದರಿಂದ ಶುರುವಾದ ಲೆಕ್ಕ

ಇಂಗ್ಲಿಷ್ ಅಮರ ಚಿತ್ರಕಥೆಯ ಮೊದಲ ಪುಸ್ತಕ ಯಾವುದು ಅಂತ ಕೇಳಿದರೆ, ಗೊತ್ತಿರೋರು ಥಟ್ಟನೆ 'ಕೃಷ್ಣ' ಅಂತಾರೆ. ಸರಿ. ಆದರೆ ಆ ಪುಸ್ತಕದ ನಂಬರ್ ಎಷ್ಟು ಗೊತ್ತಾ ವೀಕ್ಷಕರೇ? 11. ಹಾಗಾದ್ರೆ ಮೊದಲ ಹತ್ತು ಎಲ್ಲಿ ಹೋದವು?

ಕನ್ನಡದಲ್ಲಿದ್ದವು!

1965, ಬೆಂಗಳೂರು. ಇಂಡಿಯಾ ಬುಕ್ ಹೌಸ್‌ನಲ್ಲಿ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರಿಗೆ ಹೊಳೆದ ಯೋಚನೆ ಅದು. ಸಿಂಡ್ರೆಲಾ, ಸ್ನೋ ವೈಟ್ ತರಹದ ವಿದೇಶಿ ಕಥೆಗಳೇ, ಆದರೆ ಮಾತು ಮಾತ್ರ ಕನ್ನಡ. ಪುಸ್ತಕಗಳು ಚೆನ್ನಾಗಿ ಖರ್ಚಾದವು. ಮುಂಬೈನಲ್ಲಿದ್ದ ಮಾಲೀಕ ಮೀರ್‌ಚಂದಾನಿ ಅವರಿಗೆ ಈ ದಾರಿಯಲ್ಲಿ ಮುಂದೆ ಹೋಗೋ ಧೈರ್ಯ ಬಂತು.

ಆಮೇಲಿನ ಕಥೆ ಅನಂತ ಪೈ ಅವರದ್ದು. ನಮ್ಮ ಚಾರ್ಮಾಡಿ ಕಡೆಯವರಿಗೆ ಅವರ ಮೇಲೆ ಅಭಿಮಾನ ಒಂದು ಕೈ ಜಾಸ್ತಿನೇ. ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ ದಾಟಿದರೆ ಮುಂದಿನದ್ದು ಕಾರ್ಕಳ ಸೀಮೆ. 1929ರಲ್ಲಿ ಅವರು ಹುಟ್ಟಿದ್ದು ಅಲ್ಲೇ. ಮುಂಬೈನಲ್ಲಿ ಕೆಮಿಕಲ್ ಟೆಕ್ನಾಲಜಿ ಓದಿ, ಅದನ್ನು ಬಿಟ್ಟು ಪುಸ್ತಕದ ಹಿಂದೆ ಬಿದ್ದರು. (ಎಂಜಿನಿಯರಿಂಗ್ ಓದಿ ಸ್ಟುಡಿಯೋದಲ್ಲಿ ಕೂತಿರುವ ನಾನು ಇದಕ್ಕೆ ಏನೂ ಹೇಳೋ ಹಾಗಿಲ್ಲ.) 1967ರಲ್ಲಿ ದಿಲ್ಲಿಯ ಅಂಗಡಿಯೊಂದರ ಟಿವಿಯಲ್ಲಿ ಕ್ವಿಜ್ ನಡೀತಿತ್ತು. ಗ್ರೀಕ್ ದೇವತೆಗಳ ಬಗ್ಗೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದು ಪೈ ಅವರ ಮನಸ್ಸಿಗೆ ನಾಟಿತು. ಅಂದ್ರೆ ಇದಕ್ಕೂ ಟಿವಿಯೇ ಕಾರಣ ಅನ್ನಿ! ರಾಮ್ ವಾಯಿರ್ಕರ್ ಚಿತ್ರ ಬರೆದರು, 'ಕೃಷ್ಣ' ಬಂತು.

ಪೈ ಅವರ ಕೀರ್ತಿಯಿಂದ ನಾನು ಒಂದು ಚೂರೂ ಕಳೆಯುತ್ತಿಲ್ಲ. ನನ್ನ ತಕರಾರು ನಮ್ಮ ಮೇಲೆ. ಅದೇ 1967ರಲ್ಲಿ ಜಪಾನಿನಲ್ಲಿ ಏನಾಯ್ತು ನೋಡಿ. ಅಲ್ಲಿ ಕಾಮಿಕ್ಸ್‌ಗೆ ಮಂಗಾ ಅಂತಾರೆ. 1964ರಲ್ಲೇ 'ಗಾರೋ' ಅನ್ನೋ ಮಾಸಿಕ ಶುರುವಾಗಿ, ಸಾನ್‌ಪೇಯಿ ಶಿರಾತೊ ರೈತರ ದಂಗೆಯ ಕಥೆಯನ್ನು ಕಂತು ಕಂತಾಗಿ ಬರೆಯುತ್ತಿದ್ದರು. ಅದನ್ನೆಲ್ಲ ಓದಿದ ನಾಲ್ಕು ಜನ ಸೇರಿ 'ಮಂಗಾ ಶುಗಿ' ಅಂತ ಸಣ್ಣ ಪತ್ರಿಕೆ ಹೊರಡಿಸಿದರು. ಅದರಲ್ಲಿ ಕಥೆ ಇಲ್ಲ, ಬರೀ ವಿಮರ್ಶೆ. ಯಾರು ಬರೆದರು, ಯಾಕೆ ಹಾಗೆ ಬರೆದರು ಅನ್ನೋ ಚರ್ಚೆ. ಯಾವ ಪ್ರಕಾಶಕರ ಹಂಗೂ ಇರಲಿಲ್ಲ.

ನಮ್ಮಲ್ಲಿ? ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಕ್ಕೆ ವಾರವಾರ ಪುಟ ಇದೆ. ಚಿತ್ರಕಥೆ ಅಂದ್ರೆ ಮಕ್ಕಳ ಆಟದ ಸಾಮಾನು, ಹರಿದ ಮೇಲೆ ರದ್ದಿ. ಹೀಗಿದ್ರೆ ಅನಂತರಾಮ್ ಹೆಸರು ಯಾರ ಬಾಯಲ್ಲಿ ಉಳಿಯುತ್ತೆ? ಪಾಪ, ಅವರೇ ಮುಂದೆ, ಕೀರ್ತಿಯೆಲ್ಲ ಪೈ ಅವರಿಗೇ ಹೋಗಲಿ, ಆದರೆ ಯೋಚನೆ ಹುಟ್ಟಿದ್ದು ಕನ್ನಡದಲ್ಲಿ ಅಂತ ನೆನಪಿಸಬೇಕಾಯ್ತು. ಬೇರೆ ಯಾರಾದರೂ ಹೇಳಬೇಕಿದ್ದ ಮಾತು ಅದು.

ಈಗ ಬೆಂಗಳೂರಿನಲ್ಲಿ ಅಪ್ಪುಪೆನ್ ಅಂಥವರು ದೊಡ್ಡವರಿಗಾಗಿಯೇ ಗ್ರಾಫಿಕ್ ಕಾದಂಬರಿ ಮಾಡ್ತಿದ್ದಾರೆ. ಅವರ ಬಗ್ಗೆ ಕನ್ನಡದಲ್ಲಿ ಎಷ್ಟು ಓದಿದ್ದೀರಿ, ನೀವೇ ಹೇಳಿ.

ಆ ಹತ್ತರಲ್ಲಿ ಒಂದೇ ಒಂದು ನಿಮ್ಮ ಅಟ್ಟದ ಮೇಲೆ ಸಿಕ್ಕರೂ, ದಯವಿಟ್ಟು ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಬೇಡಿ.