ಮನೆ ಕೊಳ್ಳುವ ಮುನ್ನ ಕೇರಿಯ ಚರಿತ್ರೆ

ಮುಂಬಯಿಯಲ್ಲಿ ಮನೆ ಕೊಳ್ಳಹೊರಟ ನಮ್ಮ ಬಂಧುಗಳು ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ: ಚದರಡಿಗೆ ದರವೆಷ್ಟು, ಸ್ಟೇಷನ್ ಎಷ್ಟು ದೂರ, ಹತ್ತಿರದಲ್ಲಿ ನಮ್ಮವರಿದ್ದಾರೆಯೇ? ಬ್ಯಾಂಕಿನಲ್ಲಿ ಕುಳಿತು ಗೃಹಸಾಲದ ಕಾಗದಪತ್ರ ತಿರುವಿ ಹಾಕುವ ನಾನು ಇವನ್ನು ಅಲ್ಲಗಳೆಯಲಾರೆ. ಆದರೆ ನಾಲ್ಕನೆಯ ಪ್ರಶ್ನೆಯೊಂದುಂಟು. ಈ ಕೇರಿ ಹುಟ್ಟಿದ್ದು ಹೇಗೆ? ಅದನ್ನು ಕೇಳುವವರು ವಿರಳ.

ಈ ನಗರದ ಹಲವು ಒಳ್ಳೆಯ ಬಡಾವಣೆಗಳನ್ನು ಹುಟ್ಟಿಸಿದ್ದು ಪ್ಲೇಗು ಮಾರಿ. 1896ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ವಿಯೆಗಾಸ್ ಎಂಬವರು ಮಾಂಡವಿ ಭಾಗದಲ್ಲಿ ಆ ರೋಗವನ್ನು ಮೊದಲು ಗುರುತಿಸಿದರು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಅದು ಹಬ್ಬಿದಾಗ ಜನರು ಊರನ್ನೇ ಬಿಟ್ಟೋಡಿದರು. ಸರಕಾರ ಎಚ್ಚತ್ತು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟಿನವರು ಒಳಪಟ್ಟಣದಲ್ಲಿ ಹಳೆಯ ಮನೆಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡುಗಳನ್ನು ತೆರೆದರು. ಕೆಡವಿದಷ್ಟು ಕೋಣೆಗಳನ್ನು ಬಡವರಿಗೆ ಬೇಗನೆ ಕಟ್ಟಿಕೊಡಲಿಲ್ಲವೆಂಬುದನ್ನೂ ಹೇಳಬೇಕು. ಉತ್ತರಕ್ಕೆ ದಾದರ, ಮಾಟುಂಗಾಗಳ ಕಡೆ ಬಯಲು ಜಮೀನನ್ನು ವಶಪಡಿಸಿಕೊಂಡು, ಮೊದಲು ರಸ್ತೆ, ಚರಂಡಿ, ಉದ್ಯಾನಗಳ ನಕ್ಷೆ ಹಾಕಿ, ಆಮೇಲೆ ನಿವೇಶನಗಳನ್ನು ದೀರ್ಘಾವಧಿಯ ಲೀಸಿಗೆ ಕೊಟ್ಟರು. ಮೊದಲು ಚರಂಡಿ, ನಂತರ ಮನೆ! ಇಂದು ಈ ಕ್ರಮ ಎಷ್ಟು ಕಡೆ ತಲೆಕೆಳಗಾಗಿದೆಯೆಂಬುದನ್ನು ವಾಚಕರೇ ಬಲ್ಲರು. 1898ರಲ್ಲಿ ಬೆಂಗಳೂರಿಗೂ ಅದೇ ಪ್ಲೇಗು ತಗುಲಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಅದರ ಬೆನ್ನಿನಲ್ಲಿಯೇ.

ಆದರೆ ಸಂಬಳಗಾರನಿಗೆ ಮನೆ ಕಟ್ಟುವ ಹಣವೆಲ್ಲಿ? ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಚೇರಿಗಳ ಗುಮಾಸ್ತಗಿರಿಗೆಂದು ಆ ಕಡೆಯ ಚಿತ್ರಾಪುರ ಸಾರಸ್ವತರು ಅನೇಕರು ಇಲ್ಲಿಗೆ ಬಂದರು. ಮನೆಮಾತು ಕೊಂಕಣಿಯಾದರೂ ಊರಿನಲ್ಲಿ ಅಕ್ಷರ ಕಲಿತದ್ದು ಕನ್ನಡದಲ್ಲಿ. ಅವರ ಮುಂದಾಳು ರಾವಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕನ್ನೂ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ನಮ್ಮ ದೇಶದಲ್ಲಿ ಇಂಥ ಸಂಘಗಳಿಗೆ ದಾರಿ ತೋರಿದ ಮೊದಲಿಗರಲ್ಲಿ ಇದೊಂದು. ಅದರ ಯುಕ್ತಿ ಸರಳ. ಕಟ್ಟಡ ಸಂಘದ್ದು, ಸದಸ್ಯ ಸಂಘದ ಪಾಲುಗಾರ, ಅದೇ ಸಂಘಕ್ಕೆ ಬಾಡಿಗೆದಾರ. ಬಾಡಿಗೆ ಏರಿಸಿ ಹೊರಹಾಕುವ ಒಡೆಯನೇ ಇಲ್ಲ. ಅವರು ಮೊದಲು ನೆರೆಯವರನ್ನು ಆರಿಸಿಕೊಂಡು, ಬಳಿಕ ಕೇರಿಯನ್ನೂ ಕಡೆಗೆ ಮನೆಯನ್ನೂ ಹುಡುಕಿದರು. ತಾರದೇವದ ತಲಮಕಿವಾಡಿ ಇಂದಿಗೂ ಆ ಹಿರಿಯರ ಹೆಸರನ್ನು ಹೊತ್ತು ನಿಂತಿದೆ. ಈ ವ್ಯವಸ್ಥೆ ಒಂದು ಸಮಾಜದವರಿಗೆ ಮಾತ್ರವೆಂಬ ಆಕ್ಷೇಪಣೆ ನ್ಯಾಯವಾದುದೇ. ದಕ್ಷಿಣ ಕನ್ನಡದಿಂದ ಬಂದ ಹೋಟೆಲಿನ ಹುಡುಗರಿಗೆ ಕೇರಿಯನ್ನಾರಿಸುವ ಭಾಗ್ಯವೆಲ್ಲಿತ್ತು! ದುಡಿದ ಹೋಟೆಲಿನಲ್ಲಿಯೇ ರಾತ್ರಿ ಚಾಪೆ ಹಾಸಬೇಕು.

ಮಾಟುಂಗಾದಲ್ಲಿ ದಕ್ಷಿಣದವರು ನೆಲೆಸುತ್ತ ಹೋದಂತೆ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು; 1942ರಲ್ಲಿ ಸ್ಟೇಷನ್ ಬಳಿ ರಾಮಾ ನಾಯಕರ ಉಡುಪಿ ಊಟದ ಮನೆ ಬಂತು. ಊಟ, ಭಾಷೆ, ರೈಲು ಮೂರೂ ಒಂದೆಡೆ ಸೇರಿದ ಮೇಲೆ ಕೇರಿಗೆ ಬೇರೆ ಜಾಹೀರಾತು ಬೇಕೆ? 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಇದ್ದ ಬಾಡಿಗೆದಾರರಿಗೆ ರಕ್ಷಣೆ ದೊರೆಯಿತಾದರೂ ಬಾಡಿಗೆಗೆಂದು ಹೊಸ ಮನೆ ಕಟ್ಟಿಸುವವರು ಹಿಮ್ಮೆಟ್ಟಿದರು. ಹೊಸಬರಿಗೆ ಪಗಡಿ ಕೊಡದೆ ಖೋಲಿ ಸಿಗದಾಯಿತು. ಸ್ವಂತ ಫ್ಲ್ಯಾಟಿನ ಪದ್ಧತಿ ಹೆಚ್ಚಿ, 1963ರಲ್ಲಿ ಮಹಾರಾಷ್ಟ್ರ ಅದಕ್ಕೊಂದು ಕಾಯಿದೆಯನ್ನು ಮಾಡಿತು. ಮಾಟುಂಗಾ ಕೈಗೆಟುಕದವರು ರೈಲು ಹಳಿಗುಂಟ ಮುಲುಂಡ, ಠಾಣೆ, ಡೊಂಬಿವಲಿಗಳಿಗೆ ಸರಿದರು.

ಕೊಳ್ಳುವವನಿಗೆ ಈ ಚರಿತ್ರೆಯಿಂದ ಎರಡು ಉಪಯೋಗ. ಲೀಸಿನ ಜಮೀನಾದರೆ ಅವಧಿ ಎಷ್ಟು ಉಳಿದಿದೆಯೆಂದು ನೋಡಬೇಕು. ಫ್ಲ್ಯಾಟು ನಮ್ಮ ಹೆಸರಿಗಾದರೂ ಅಡಿಯ ನೆಲ ಸಂಘದ ಹೆಸರಿಗೆ ವರ್ಗವಾಗದೆ ಬಿಲ್ಡರನ ಬಳಿಯೇ ಉಳಿದ ಕಟ್ಟಡಗಳು ಬಹಳ. 2008ರಲ್ಲಿ ಕಾಯಿದೆಯನ್ನು ತಿದ್ದಿ, ಆತ ಬಾರದಿದ್ದರೂ ವರ್ಗ ಮಾಡಿಕೊಳ್ಳುವ ದಾರಿ ತೆರೆಯಬೇಕಾಯಿತು.

ಇನ್ನೊಂದು ನೀರಿನ ಮಾತು. ಏಳು ದ್ವೀಪಗಳ ನಡುವಣ ತಗ್ಗನ್ನು ತುಂಬಿ ಮಾಡಿದ ಊರಿದು. ಧೋಬಿ ತಲಾವ್‌ನಲ್ಲಿ ಕೆರೆಯಿತ್ತು. ಪಾಯಧೋಣಿ ಎಂದರೆ ಕಾಲು ತೊಳೆಯುವ ತಾಣ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳವಲ್ಲವೇ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಕುರ್ಲಾ, ಕಲೀನಾಗಳ ತಗ್ಗುಗಳು ಮುಳುಗಿದವು. ಮುಂಗಡ ಕೊಡುವ ಮೊದಲು ಆ ಬೀದಿಯ ಹಳೆಯ ಅಂಗಡಿಯವನನ್ನು, ಅಂದು ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿರಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾನೆ.