ರಾಯಲ್ ಚಾಲೆಂಜರ್ಸ್ ಬೆಂಗಳೂರು: ಆಟಗಾರರ ಉಳಿಕೆ, ಬಿಡುಗಡೆ ಮತ್ತು ಹರಾಜು

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಕ್ರಿಕೆಟ್ ಟೂರ್ನಿಯಲ್ಲಿ ಬೆಂಗಳೂರನ್ನು ಪ್ರತಿನಿಧಿಸುವ ರಾಯಲ್ ಚಾಲೆಂಜರ್ಸ್ ತಂಡವು, ಒಂದು ಟೂರ್ನಿ ಮುಗಿದು ಮತ್ತೊಂದು ಆರಂಭವಾಗುವವರೆಗಿನ ಸುಮಾರು ಹತ್ತು ತಿಂಗಳ ಬಿಡುವಿನಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಹರಾಜಿನಲ್ಲಿ ಯಾರಿಗೆ ಎಷ್ಟು ಹಣ ಸುರಿಯಬೇಕು ಎಂದು ಕೈಗೊಳ್ಳುತ್ತ ಬಂದಿರುವ ನಿರ್ಧಾರಗಳ ಇತಿಹಾಸವನ್ನು ಈ ಲೇಖನ ನಿರೂಪಿಸುತ್ತದೆ. 2008ರಿಂದ ಪ್ರತಿ ಟೂರ್ನಿಯಲ್ಲೂ ಆಡಿರುವ ಈ ತಂಡವು ಮೊದಲ ಪ್ರಶಸ್ತಿಗಾಗಿ 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಈ ವಿಳಂಬದ ಕಾರಣಗಳನ್ನು ಚಿನ್ನಸ್ವಾಮಿ ಕ್ರೀಡಾಂಗಣದ ಚಿಕ್ಕ ಬೌಂಡರಿಗಳಲ್ಲಿ ಹುಡುಕುವುದು ವಾಡಿಕೆಯಾದರೂ, ಅವುಗಳ ಬಹುಪಾಲು ಹರಾಜಿನ ಮೇಜಿನ ಬಳಿಯೇ ಸಿಗುತ್ತವೆ.

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇಂಥ ಬಿಡುವಿನ ಕಾಲದ ಮುಖ್ಯ ವ್ಯವಹಾರವೆಂದರೆ ಸ್ವತಂತ್ರ ಆಟಗಾರರ ನೇಮಕ. ಅಲ್ಲಿ ದೀರ್ಘಕಾಲ ಜಾರಿಯಲ್ಲಿದ್ದ ನಿಯಮವೊಂದು ಆಟಗಾರನನ್ನು ಕ್ಲಬ್ಬಿನ ಸ್ವತ್ತಿನಂತೆಯೇ ಕಟ್ಟಿಹಾಕಿತ್ತು. ತನ್ನ ಒಪ್ಪಿಗೆಯಿಲ್ಲದೆ ನಡೆದ ವರ್ಗಾವಣೆಯನ್ನು ಪ್ರಶ್ನಿಸಿದ ಕರ್ಟ್ ಫ್ಲಡ್ 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು; ಆದರೆ 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಇಬ್ಬರು ಪಿಚರ್‌ಗಳ ಪರವಾಗಿ ನೀಡಿದ ತೀರ್ಪಿನಿಂದ ಆ ಕಟ್ಟು ಸಡಿಲಗೊಂಡು, ಮುಂದೆ ಆರು ವರ್ಷ ಸೇವೆ ಪೂರೈಸಿದ ಆಟಗಾರ ತನಗೆ ಬೇಕಾದ ತಂಡದೊಂದಿಗೆ ನೇರವಾಗಿ ಮಾತುಕತೆ ನಡೆಸುವ ಹಕ್ಕು ಪಡೆದ. ಐಪಿಎಲ್‌ನಲ್ಲಿ ಅಂಥ ಹಕ್ಕಿಲ್ಲ. ತಂಡದಿಂದ ಬಿಡುಗಡೆಯಾದವರು ಹೆಸರು ನೋಂದಾಯಿಸಿ, ಮೂಲಬೆಲೆ ನಮೂದಿಸಿ, ಹರಾಜಿಗೇ ಬರಬೇಕು. ರಾಜಸ್ಥಾನ ತಂಡದ ಒಪ್ಪಂದದಲ್ಲಿದ್ದಾಗ ಬೇರೊಂದು ತಂಡದೊಂದಿಗೆ ನೇರವಾಗಿ ಮಾತುಕತೆಗಿಳಿದ ಕಾರಣಕ್ಕೆ ರವೀಂದ್ರ ಜಡೇಜ ಅವರನ್ನು 2010ರ ಇಡೀ ಟೂರ್ನಿಯಿಂದ ಹೊರಗಿಡಲಾಯಿತು.

ಈ ವ್ಯತ್ಯಾಸ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಬೇಗ ಅರ್ಥವಾದೀತು. ಚಿಂತಾಮಣಿಯ ಕಡೆಯಿಂದಲೋ ಗೌರಿಬಿದನೂರು ತಾಲೂಕಿನ ಅಲೀಪುರದ ಕಡೆಯಿಂದಲೋ ಬೆಳೆಗಾರ ತಂದ ಗೂಡನ್ನು ಲಾಟ್ ಮಾಡಿ ಹರವಿದ ಮೇಲೆ, ನೂಲು ಬಿಚ್ಚುವ ರೀಲರ್‌ಗಳು ನಾಲ್ಕು ಗೂಡು ಕೈಗೆತ್ತಿಕೊಂಡು ಕಿವಿಯ ಬಳಿ ಅಲುಗಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ, ಅನಂತರ ದರ ಕೂಗುತ್ತಾರೆ; ಈಗ ಆ ಕೂಗು ಮೊಬೈಲಿನಲ್ಲಿ ನಡೆಯುತ್ತದೆ. ಬಂದ ದರ ಹಿಡಿಸದಿದ್ದರೆ ಬೆಳೆಗಾರ ಒಪ್ಪದೆ ಮರುಹರಾಜಿಗೆ ಕಾಯಬಹುದು. ಐಪಿಎಲ್ ಹರಾಜಿನಲ್ಲಿ ಆಟಗಾರನಿಗೆ ಆ ಅವಕಾಶವೂ ಇಲ್ಲ, ಸುತ್ತಿಗೆ ಬಿದ್ದ ಬೆಲೆಯೇ ಅವನ ಬೆಲೆ. ಮಾರಾಟವಾದ ಬಳಿಕ ಗಾಯದಂಥ ಕಾರಣವಿಲ್ಲದೆ ಹಿಂದೆ ಸರಿಯುವ ವಿದೇಶಿ ಆಟಗಾರರನ್ನು ಎರಡು ವರ್ಷ ದೂರವಿಡುವ ನಿಯಮ 2025ರ ಟೂರ್ನಿಗೆ ಮುನ್ನ ಜಾರಿಗೆ ಬಂದು, ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಅದಕ್ಕೆ ಒಳಗಾದರು.

ಈ ವ್ಯವಹಾರದ ಕೆಲವು ಪರಿಭಾಷೆಗಳನ್ನು ಇಲ್ಲಿಯೇ ವಿವರಿಸುವುದು ಉಚಿತ. ತಂಡವೊಂದು ಆಟಗಾರರ ಮೇಲೆ ವ್ಯಯಿಸಬಹುದಾದ ಗರಿಷ್ಠ ಮೊತ್ತಕ್ಕೆ ಪರ್ಸ್ ಎನ್ನುತ್ತಾರೆ. 2014ರಲ್ಲಿ 60 ಕೋಟಿ ರೂಪಾಯಿ ಇದ್ದ ಅದು 2018ರಲ್ಲಿ 80 ಕೋಟಿಗೂ 2025ರ ಟೂರ್ನಿಗೆ 120 ಕೋಟಿಗೂ ಏರಿತು. ಹರಾಜಿಗೆ ಕಳುಹಿಸದೆ ಇಟ್ಟುಕೊಳ್ಳುವ ಆಟಗಾರರಿಗೆ ತಗಲುವ ಮೊತ್ತವನ್ನು ಪರ್ಸಿನಿಂದ ಮೊದಲೇ ಕಳೆಯಲಾಗುತ್ತದೆ. ಮೂರು ವರ್ಷಕ್ಕೊಮ್ಮೆಯೋ ನಾಲ್ಕು ವರ್ಷಕ್ಕೊಮ್ಮೆಯೋ ಬೆರಳೆಣಿಕೆಯವರನ್ನು ಬಿಟ್ಟು ಉಳಿದೆಲ್ಲರನ್ನೂ ಬಿಡುಗಡೆ ಮಾಡಿ ತಂಡವನ್ನು ಹೊಸದಾಗಿ ಕಟ್ಟುವುದು ಮೆಗಾ ಹರಾಜು. ನಡುವಣ ವರ್ಷಗಳಲ್ಲಿ ಕೊರತೆ ತುಂಬಿಕೊಳ್ಳಲು ನಡೆಯುವುದು ಮಿನಿ ಹರಾಜು. ತಾನು ಬಿಟ್ಟ ಆಟಗಾರನಿಗೆ ಬೇರೆ ತಂಡ ಕೂಗಿದ ಬೆಲೆಯನ್ನೇ ತೆತ್ತು ಮರಳಿ ಪಡೆಯುವ ಅವಕಾಶಕ್ಕೆ ಆರ್‌ಟಿಎಂ ಕಾರ್ಡ್ ಎಂಬ ಹೆಸರಿದೆ. 2014ರಲ್ಲಿ ಬಂದ ಈ ಪದ್ಧತಿಗೆ 2024ರಲ್ಲಿ ಒಂದು ತಿದ್ದುಪಡಿಯಾಗಿ, ಕಾರ್ಡ್ ಎತ್ತಿದೊಡನೆ ಎದುರಾಳಿ ತಂಡ ತನ್ನ ಬೆಲೆಯನ್ನು ಇನ್ನೊಮ್ಮೆ ಏರಿಸಬಹುದೆಂದು ನಿಗದಿಯಾಯಿತು. ಹರಾಜಿಲ್ಲದೆ ಎರಡು ತಂಡಗಳು ಆಟಗಾರನ ಒಪ್ಪಿಗೆಯೊಂದಿಗೆ ನಡೆಸುವ ವಿನಿಮಯ ಅಥವಾ ಖರೀದಿಯನ್ನು ಟ್ರೇಡ್ ಎಂದು ಕರೆಯುತ್ತಾರೆ. ದೇಶದ ಪರ ಆಡಿದವರು ಕ್ಯಾಪ್ಡ್, ಇನ್ನೂ ಆಡದವರು ಅನ್‌ಕ್ಯಾಪ್ಡ್. 2014ಕ್ಕೆ ಮುನ್ನ ಭಾರತದ ಅನ್‌ಕ್ಯಾಪ್ಡ್ ಆಟಗಾರರು ಹರಾಜಿಗೆ ಬರದೆ ತಂಡಗಳೊಂದಿಗೆ ನೇರವಾಗಿ ಸಹಿ ಮಾಡುತ್ತಿದ್ದರು. ಬೇಸ್‌ಬಾಲ್‌ನ ಸ್ವತಂತ್ರ ಆಟಗಾರನಿಗೆ ಐಪಿಎಲ್‌ನಲ್ಲಿ ಹತ್ತಿರದ ಹೋಲಿಕೆ ಇದೊಂದೇ ಆಗಿತ್ತು. ಆದರೆ ಅವರ ಸಂಭಾವನೆಗೂ ಮಿತಿ ಹಾಕಿದ್ದರಿಂದ ಆ ಸ್ವಾತಂತ್ರ್ಯದಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಬೆಂಗಳೂರು ತಂಡವನ್ನು 2008ರ ಜನವರಿಯಲ್ಲಿ ವಿಜಯ್ ಮಲ್ಯ ನೇತೃತ್ವದ ಸಮೂಹವು 11.16 ಕೋಟಿ ಡಾಲರ್‌ಗೆ ಖರೀದಿಸಿತು. ಮರುತಿಂಗಳ ಹರಾಜಿನಲ್ಲಿ ಜಾಕ್ ಕ್ಯಾಲಿಸ್‌ಗೆ 9 ಲಕ್ಷ ಡಾಲರ್, ಅನಿಲ್ ಕುಂಬ್ಳೆ ಅವರಿಗೆ 5 ಲಕ್ಷ ಡಾಲರ್ ತೆತ್ತ ತಂಡಕ್ಕೆ, ನಗರದ ಐಕಾನ್ ಆಟಗಾರರಾಗಿ ರಾಹುಲ್ ದ್ರಾವಿಡ್ ಹರಾಜಿಲ್ಲದೆಯೇ ಸೇರಿದ್ದರು. ಮಾರ್ಕ್ ಬೌಷರ್, ಚಂದ್ರಪಾಲ್, ವಾಸಿಂ ಜಾಫರ್ ಅವರೂ ಸೇರಿದ ಆ ಬಳಗವನ್ನು ಟೆಸ್ಟ್ ತಂಡವೆಂದು ಜನ ಲೇವಡಿ ಮಾಡಿದರು. ಎಂಟು ತಂಡಗಳಲ್ಲಿ ಏಳನೇ ಸ್ಥಾನ ಪಡೆದಾಗ ಆ ಲೇವಡಿಗೆ ಉತ್ತರವಿರಲಿಲ್ಲ. ಆದರೂ ಅದೇ ವರ್ಷ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರ ಹಂಚಿಕೆಯಲ್ಲಿ, ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿದ್ದರಿಂದ, ದೆಹಲಿಯ ವಿರಾಟ್ ಕೊಹ್ಲಿ 30 ಸಾವಿರ ಡಾಲರ್‌ಗೆ ಬೆಂಗಳೂರಿನ ಪಾಲಾದರು. ತಂಡದ ಇತಿಹಾಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಲಾಭದ ವ್ಯವಹಾರ ಮತ್ತೊಂದಿಲ್ಲ.

2009ಕ್ಕೆ ಮುನ್ನ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ಕರೆತರಲಾಯಿತು. ಕೆವಿನ್ ಪೀಟರ್ಸನ್‌ಗೆ 15.5 ಲಕ್ಷ ಡಾಲರ್ ವ್ಯಯಿಸಲಾಯಿತು. ಪೀಟರ್ಸನ್ ಅರ್ಧದಲ್ಲೇ ಇಂಗ್ಲೆಂಡಿಗೆ ಮರಳಿದ ಮೇಲೆ ಕುಂಬ್ಳೆ ತಂಡವನ್ನು ಫೈನಲ್‌ವರೆಗೆ ಮುನ್ನಡೆಸಿ, ಅಲ್ಲಿ 16 ರನ್ನಿಗೆ 4 ವಿಕೆಟ್ ಪಡೆದರೂ, ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋಲಾಯಿತು.

2011ರ ಜನವರಿಯ ಮೆಗಾ ಹರಾಜು ತಂಡದ ಕರ್ನಾಟಕದ ಬೇರುಗಳನ್ನು ಕಿತ್ತ ಘಟ್ಟ. ನಾಲ್ವರನ್ನು ಉಳಿಸಿಕೊಳ್ಳುವ ಅವಕಾಶವಿದ್ದರೂ ಆಡಳಿತ ಮಂಡಳಿ 18 ಲಕ್ಷ ಡಾಲರ್‌ಗೆ ಕೊಹ್ಲಿ ಒಬ್ಬರನ್ನೇ ಉಳಿಸಿಕೊಂಡಿತು. ದ್ರಾವಿಡ್ ರಾಜಸ್ಥಾನಕ್ಕೂ ಉತ್ತಪ್ಪ 21 ಲಕ್ಷ ಡಾಲರ್ ಬೆಲೆಗೆ ಪುಣೆಗೂ ಹೋದರು, ಕುಂಬ್ಳೆ ಆಟಕ್ಕೆ ವಿದಾಯ ಹೇಳಿದರು. ಎ.ಬಿ. ಡಿವಿಲಿಯರ್ಸ್ 11 ಲಕ್ಷ ಡಾಲರ್‌ಗೆ ಬಂದದ್ದು ಈ ಹರಾಜಿನ ಸಾಧನೆ. ಸೌರಭ್ ತಿವಾರಿಗೆ 16 ಲಕ್ಷ ಡಾಲರ್ ತೆತ್ತದ್ದು ಅದರ ದುಡುಕು. ಆದರೆ ಆ ವರ್ಷದ ನಿಜವಾದ ತಿರುವು ಹರಾಜಿನ ಹೊರಗೆ ನಡೆಯಿತು. ಕ್ರಿಸ್ ಗೇಲ್ ಅವರನ್ನು ಯಾವ ತಂಡವೂ ಕೊಳ್ಳದೆ, ಅವರು ಮಾರಾಟವಾಗದವರ ಪಟ್ಟಿಯಲ್ಲಿ ಉಳಿದಿದ್ದರು. ಟೂರ್ನಿಯ ನಡುವೆ ವೇಗಿ ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿ ಆಟಗಾರನಾಗಿ ಬಂದ ಗೇಲ್, ಏಪ್ರಿಲ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ತಾವೇ ಹಿಂದೆ ಆಡಿದ್ದ ತಂಡದ ಎದುರು ಅಜೇಯ 102 ರನ್ ಹೊಡೆದು, 12 ಪಂದ್ಯಗಳಲ್ಲಿ 608 ರನ್‌ಗಳೊಂದಿಗೆ ಟೂರ್ನಿಯಲ್ಲೇ ಅತಿ ಹೆಚ್ಚು ರನ್ ಗಳಿಸಿದವರೆನಿಸಿದರು. ವೇಗಿಯೊಬ್ಬನ ಜಾಗಕ್ಕೆ ಬ್ಯಾಟರ್ ಒಬ್ಬನನ್ನು ತಂದ ಈ ಬದಲಿ ಆಯ್ಕೆ ಅಷ್ಟೊಂದು ಫಲಿಸಿದ್ದರಿಂದಲೇ, ಬ್ಯಾಟಿಂಗ್‌ನಿಂದ ಎಲ್ಲವನ್ನೂ ಸರಿದೂಗಿಸಬಹುದೆಂಬ ನಂಬಿಕೆ ತಂಡದಲ್ಲಿ ಗಟ್ಟಿಯಾಯಿತೆಂದು ತೋರುತ್ತದೆ.

ಆ ನಂಬಿಕೆಯ ಲೆಕ್ಕ 2014ರಲ್ಲಿ ಕಾಣಿಸಿತು. ಕೊಹ್ಲಿ, ಗೇಲ್ ಮತ್ತು ಡಿವಿಲಿಯರ್ಸ್ ಅವರನ್ನು ಉಳಿಸಿಕೊಂಡದ್ದಕ್ಕೆ ಪರ್ಸಿನಿಂದ 29.5 ಕೋಟಿ ಕಳೆದು, ಮಿಕ್ಕ 30.5 ಕೋಟಿಯಲ್ಲಿ 14 ಕೋಟಿಯನ್ನು ಯುವರಾಜ್ ಸಿಂಗ್ ಒಬ್ಬರಿಗೇ ಸುರಿದು, ಮರುವರ್ಷವೇ ಅವರನ್ನು ಕೈಬಿಡಲಾಯಿತು. ನಾಲ್ವರಿಗೆ 43.5 ಕೋಟಿ ಹೋದ ಮೇಲೆ ಬೌಲಿಂಗ್‌ಗೆ ಏನು ಉಳಿದೀತೆಂಬುದು ಕೂಡಿಸಿ ಕಳೆದರೆ ತಿಳಿಯುವ ಸಂಗತಿ. 2018ರಲ್ಲೂ ಕೊಹ್ಲಿ (17 ಕೋಟಿ), ಡಿವಿಲಿಯರ್ಸ್ (11 ಕೋಟಿ) ಅವರ ಜೊತೆ ಉಳಿದವರು ಸರ್ಫರಾಜ್ ಖಾನ್ (1.75 ಕೋಟಿ) ಎಂಬ ಇನ್ನೊಬ್ಬ ಬ್ಯಾಟರ್. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರನ್ನು 2016ರಲ್ಲಿ ಹೈದರಾಬಾದ್‌ನಿಂದ ಟ್ರೇಡ್ ಮೂಲಕ ಮರಳಿ ತಂದು, ಆ ವರ್ಷ ಫೈನಲ್ ತಲುಪಿದ್ದ ತಂಡವು, 2018ರಲ್ಲಿ ಅವರನ್ನು ಬಿಟ್ಟುಕೊಟ್ಟಿತು. ಪಂಜಾಬ್ 11 ಕೋಟಿಗೆ ಕೊಂಡಿತು. ತಂಡವು ಮೆಗಾ ಹರಾಜಿಗೆ ಮುನ್ನವೇ ಬೌಲರ್ ಒಬ್ಬರನ್ನು ಉಳಿಸಿಕೊಂಡದ್ದು 2022ರಲ್ಲಿ ಮೊದಲು, 7 ಕೋಟಿಗೆ ಮೊಹಮ್ಮದ್ ಸಿರಾಜ್ ಅವರನ್ನು. ಅದೇ ವರ್ಷ, ತಂಡದ ಪರ 139 ವಿಕೆಟ್ ಪಡೆದಿದ್ದ ಯಜುವೇಂದ್ರ ಚಾಹಲ್ 6.5 ಕೋಟಿಗೆ ರಾಜಸ್ಥಾನಕ್ಕೆ ಹೋಗಿ, 27 ವಿಕೆಟ್‌ಗಳೊಂದಿಗೆ ಟೂರ್ನಿಯ ಅತಿ ಯಶಸ್ವಿ ಬೌಲರ್ ಎನಿಸಿದರು.

ಬಿಟ್ಟು ಕೊಳ್ಳುವ, ಕೊಂಡು ಬಿಡುವ ಈ ಚಕ್ರಕ್ಕೆ ಹರ್ಷಲ್ ಪಟೇಲ್ ಅವರ ಪ್ರಕರಣ ಒಳ್ಳೆಯ ನಿದರ್ಶನ. 2017ರ ಬಳಿಕ ಬೆಂಗಳೂರು ಕೈಬಿಟ್ಟ ಅವರನ್ನು ದೆಹಲಿ 20 ಲಕ್ಷಕ್ಕೆ ಕೊಂಡಿತ್ತು. 2021ರ ಜನವರಿಯಲ್ಲಿ ಟ್ರೇಡ್ ಮೂಲಕ ಮರಳಿ ಬಂದು ಆ ವರ್ಷ 32 ವಿಕೆಟ್ ಪಡೆದು ಐಪಿಎಲ್ ದಾಖಲೆಯನ್ನು ಸರಿಗಟ್ಟಿದರು. ಆದರೂ ಉಳಿಕೆಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 2022ರ ಹರಾಜಿನಲ್ಲಿ 10.75 ಕೋಟಿ ಕೊಟ್ಟು ಪುನಃ ಕೊಂಡ ತಂಡವೇ ಎರಡು ಟೂರ್ನಿಗಳ ನಂತರ ಅವರನ್ನು ಮತ್ತೆ ಬಿಟ್ಟಿತು. ಜೋಶ್ ಹೇಜಲ್‌ವುಡ್ ಅವರ ಕಥೆಯೂ ಇದೇ ಜಾಡಿನದು: 7.75 ಕೋಟಿಗಿದ್ದವರನ್ನು 2023ರಲ್ಲಿ ಬಿಟ್ಟು, ಮರುವರ್ಷ 12.5 ಕೋಟಿಗೆ ಕೊಳ್ಳಲಾಯಿತು. ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಮಾರಾಟವಾಗದೆ ಉಳಿದು, ಕರ್ನಾಟಕದ ವಿಕೆಟ್‌ಕೀಪರ್ ಲುವ್ನಿತ್ ಸಿಸೋಡಿಯ ಗಾಯಗೊಂಡದ್ದರಿಂದ ಬದಲಿಯಾಗಿ ಬಂದು, ಲಖನೌ ಎದುರಿನ ಎಲಿಮಿನೇಟರ್‌ನಲ್ಲಿ ಅಜೇಯ 112 ರನ್ ಗಳಿಸಿದರು.

2024ರ ಅಕ್ಟೋಬರ್ 31ರಂದು ಪ್ರಕಟವಾದ ಪಟ್ಟಿಯಲ್ಲಿ ಕೊಹ್ಲಿ (21 ಕೋಟಿ), ಪಾಟೀದಾರ್ (11 ಕೋಟಿ) ಮತ್ತು ವೇಗಿ ಯಶ್ ದಯಾಳ್ (5 ಕೋಟಿ) ಮೂವರ ಹೆಸರು ಮಾತ್ರ ಇದ್ದು, ತಂಡವು 83 ಕೋಟಿ ಮತ್ತು ಮೂರು ಆರ್‌ಟಿಎಂ ಕಾರ್ಡ್‌ಗಳೊಂದಿಗೆ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ಹರಾಜಿಗೆ ಹೋಯಿತು. ಅಲ್ಲಿ ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾಗುವಾಗ ಕಾರ್ಡ್ ಎತ್ತಲಿಲ್ಲ. ರಾಹುಲ್ 14 ಕೋಟಿಗೆ ದೆಹಲಿಗೆ ಹೋದರು. ಎತ್ತಿದ ಕಾರ್ಡ್ 50 ಲಕ್ಷದ ಸ್ವಪ್ನಿಲ್ ಸಿಂಗ್ ಅವರಿಗೆ. ಅಭಿಮಾನಿಗಳು ಹಣೆ ಚಚ್ಚಿಕೊಂಡ ಈ ಎರಡು ದಿನಗಳು, ಹಿನ್ನೋಟದಲ್ಲಿ, ತಂಡ ನಡೆಸಿದ ಅತ್ಯಂತ ವಿವೇಕದ ವ್ಯಾಪಾರವೆನ್ನಬೇಕು. ಒಬ್ಬ ತಾರೆಗೆ ಪರ್ಸಿನ ಕಾಲುಭಾಗ ಕೊಡುವ ಹಳೆಯ ಚಾಳಿಯನ್ನು ಬಿಟ್ಟು, ಹೇಜಲ್‌ವುಡ್ (12.5 ಕೋಟಿ), ಫಿಲ್ ಸಾಲ್ಟ್ (11.5 ಕೋಟಿ), ಜಿತೇಶ್ ಶರ್ಮ (11 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ), ಕೃಣಾಲ್ ಪಾಂಡ್ಯ (5.75 ಕೋಟಿ), ಟಿಮ್ ಡೇವಿಡ್ (3 ಕೋಟಿ) ಎಂಬಂತೆ ಹಣ ಹರಡಿಕೊಂಡಿತು. ಇಬ್ಬರು ಅನುಭವಿ ವೇಗಿಗಳಿಗೇ 23.25 ಕೋಟಿ ಸಂದದ್ದು ಈ ತಂಡದ ಮಟ್ಟಿಗೆ ಹೊಸತು. ಹೇಜಲ್‌ವುಡ್ 22 ವಿಕೆಟ್ ಪಡೆದರು. ಅಹಮದಾಬಾದಿನ ಫೈನಲ್‌ನಲ್ಲಿ ಬೆಂಗಳೂರು 190 ರನ್ ಮಾಡಿ ಪಂಜಾಬನ್ನು 184ಕ್ಕೆ ತಡೆದಾಗ, 17 ರನ್ನಿಗೆ 2 ವಿಕೆಟ್ ಪಡೆದ ಕೃಣಾಲ್ ಪಂದ್ಯಶ್ರೇಷ್ಠರಾದರು. 2009ರಲ್ಲಿ ಸೋತ ಅಂತರವೂ 2025ರಲ್ಲಿ ಗೆದ್ದ ಅಂತರವೂ ಆರೇ ರನ್ನು.

ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಇದೇ ಹೆಸರಿನ ತಂಡವು 2023ರ ಹರಾಜಿನಲ್ಲಿ ಸ್ಮೃತಿ ಮಂಧಾನ ಅವರಿಗೆ 3.4 ಕೋಟಿ, ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ ಅವರಿಗೆ 10 ಲಕ್ಷ ತೆತ್ತು, 2024ರಲ್ಲೇ ಪ್ರಶಸ್ತಿ ಗೆದ್ದಿತು. ಪುರುಷರ ತಂಡಕ್ಕೆ ಹದಿನೆಂಟು ಟೂರ್ನಿ ಹಿಡಿದದ್ದು ಇವರಿಗೆ ಎರಡರಲ್ಲಿ ಕೈಗೂಡಿತು.

ತವರಿನ ಆಟಗಾರರ ವಿಷಯದಲ್ಲಿ ಮಾತ್ರ ಪುರುಷರ ತಂಡದ ದಾಖಲೆ ಬಡವಾಗಿದೆ. ಮನೀಶ್ ಪಾಂಡೆ, ಕರುಣ್ ನಾಯರ್, ರಾಹುಲ್, ವೈಶಾಖ್ ವಿಜಯಕುಮಾರ್ ಮೊದಲಾದವರು ಇಲ್ಲಿ ಆಡಿದರೂ ಇಲ್ಲಿ ನೆಲೆಗೊಳ್ಳಲಿಲ್ಲ. ಈ ತಂಡದಲ್ಲೇ ಹೆಸರು ಮಾಡಿದ ದೇವದತ್ತ ಪಡಿಕ್ಕಲ್ 2022ರಲ್ಲಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋಗಿ, ಜೆದ್ದಾದಲ್ಲಿ 2 ಕೋಟಿಗೆ ಮರಳಿದರು. ಅವರು 2025ರ ಮೇ ತಿಂಗಳಲ್ಲಿ ಗಾಯಗೊಂಡಾಗ, ಜೆದ್ದಾದಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಮಯಾಂಕ್ ಅಗರವಾಲ್ ಬದಲಿಯಾಗಿ ಬಂದರು. 2011ರಲ್ಲಿ ಇದೇ ತಂಡದಲ್ಲಿ ಐಪಿಎಲ್ ಆರಂಭಿಸಿದ್ದ ಅವರು ಫೈನಲ್‌ನಲ್ಲಿ 24 ರನ್ ಗಳಿಸಿದರು. ಪ್ರಶಸ್ತಿ ಗೆದ್ದ ಹನ್ನೊಂದು ಮಂದಿಯಲ್ಲಿ ಕರ್ನಾಟಕದವರು ಅವರೊಬ್ಬರೇ. ಅದೇ ವರ್ಷದ ನವೆಂಬರ್‌ನಲ್ಲಿ ತಂಡವು ಬಿಡುಗಡೆ ಮಾಡಿದವರ ಪಟ್ಟಿಯಲ್ಲಿ ಅವರ ಹೆಸರಿತ್ತು.