ಬಂಡಿಯ ಗಾಲಿಯ ದೀಪಮಾಲೆ

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ 'ಅಡ್ವೆಂಟ್' ಎಂದು ಹೆಸರು. ಈ ಲ್ಯಾಟಿನ್ ಮೂಲದ ಮಾತಿಗೆ ನಮ್ಮ 'ಆಗಮನ'ವೇ ಸರಿಯಾದ ಅರ್ಥ. ಆ ದಿನಗಳಲ್ಲಿ ಇಗರ್ಜಿಗಳಲ್ಲಿಯೂ ಮನೆಗಳಲ್ಲಿಯೂ ಹಸುರು ಬಳೆಯೊಂದರ ಮೇಲೆ ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿಗಳನ್ನು ಹೊತ್ತಿಸುವುದನ್ನು ವಾಚಕರು ಕಂಡಿರಬಹುದು. ಇದನ್ನು ಬಹು ಪ್ರಾಚೀನವೆಂದು ಭಾವಿಸಬೇಡಿ. ಇನ್ನೂರು ವರ್ಷವೂ ತುಂಬಿಲ್ಲ.

1833ರಲ್ಲಿ ಯೋಹಾನ್ ಹಿನ್ರಿಶ್ ವಿಶರ್ನ್ ಎಂಬ ಇಪ್ಪತ್ತೈದರ ತರುಣನು ಹ್ಯಾಂಬರ್ಗ್ ನಗರದ ಹೊರಗೆ ದಿಕ್ಕಿಲ್ಲದ ಬಡಮಕ್ಕಳಿಗಾಗಿ ಆಶ್ರಯವೊಂದನ್ನು ತೆರೆದನು. (ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರೆಂದು ನೆನೆದರೆ ಕಾಲವು ಮನಸ್ಸಿನಲ್ಲಿ ನಿಲ್ಲುತ್ತದೆ.) 'ರೌಹೆಸ್ ಹೌಸ್', ಎಂದರೆ ಒರಟು ಮನೆ, ಎಂದು ಅದರ ಹೆಸರು. ಒರಟುತನವೇನಿದ್ದರೂ ಹೆಸರಿನಲ್ಲಿ. ಸುತ್ತ ಗೋಡೆಯಿಲ್ಲ, ಹತ್ತು ಹನ್ನೆರಡು ಮಕ್ಕಳಿಗೆ ಒಂದು 'ಕುಟುಂಬ', ಅದಕ್ಕೆ ಅಣ್ಣನಂತೆ ಒಬ್ಬ ಪಾಲಕ.

ಹಿರಿಯರ ಆಸರೆಯೇ ತಪ್ಪಿದ ಮಕ್ಕಳಿಗೆ ಹಬ್ಬ 'ಬಂದೇ ಬರುತ್ತದೆ' ಎಂದರೆ ನಂಬಿಕೆ ಹುಟ್ಟುವುದೆಂತು? "ಎಂದು ಬರುತ್ತದೆ?" ಎಂದು ದಿನವೂ ಕೇಳುತ್ತಿದ್ದರಂತೆ. 1839ರಲ್ಲಿ ವಿಶರ್ನ್ ಬಂಡಿಯ ಗಾಲಿಯೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯ ಬತ್ತಿಗಳನ್ನೂ ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ನಿಲ್ಲಿಸಿದನು. ದಿನಕ್ಕೊಂದು ಬತ್ತಿ. ಲೆಕ್ಕ ಬಾರದ ಮಗುವೂ ಹೊತ್ತದೆ ಉಳಿದವನ್ನು ನೋಡಿ ಹಬ್ಬದ ದೂರವನ್ನು ಅಳೆಯಬಹುದಾಗಿತ್ತು. ಉಪಾಧ್ಯಾಯನಾದ ನನಗೆ ಇದಕ್ಕಿಂತ ಒಳ್ಳೆಯ ಗಣಿತಪಾಠ ತೋಚದು!

ಹಸುರು ಕೊಂಬೆಗಳು ಬಳಿಕ ಬಂದವು. ಗಾಲಿ ಸಣ್ಣ ಮನೆಗಳಲ್ಲಿ ಹಿಡಿಯದಾಗಿ, ಕೆಂಪು ಬತ್ತಿಗಳು ಬಿಟ್ಟುಹೋಗಿ, ಭಾನುವಾರದ ನಾಲ್ಕೇ ಉಳಿದವು. ಪ್ರಾಟೆಸ್ಟೆಂಟರ ಈ ರೂಢಿ 1925ರಲ್ಲಿ ಕೊಲೋನ್ ನಗರದ ಕ್ಯಾಥೊಲಿಕ್ ಇಗರ್ಜಿಯೊಂದನ್ನೂ ಹೊಕ್ಕಿತು. ಹ್ಯಾಂಬರ್ಗಿನ ಸಂತ ಮೈಕೆಲರ ಇಗರ್ಜಿಯಲ್ಲಿ ಮಾತ್ರ ಇಂದಿಗೂ ಕೆಂಪು ಬಿಳಿ ಬತ್ತಿಗಳ ಪೂರ್ಣ ಗಾಲಿಯನ್ನೇ ತೂಗಿಬಿಡುತ್ತಾರೆ.